ಅಪೊಲೊನಿಯಾ ಕೇಳಿದ ಹಿಡಿ ಮಣ್ಣು

ಚಾರ್ಲ್ಸರ ಕೈಗೆ ಮೊದಲ ಸಲ ಮೈಕು ಸಿಕ್ಕಿದ್ದೇ ಒಂದು ಹೆಣದ ಮುಂದೆ. ಅಜ್ಜನ ಕಾಲದಲ್ಲೇ ಮಂಗಳೂರು ಬಿಟ್ಟು ನೈರೋಬಿಗೆ ಬಂದ ಮನೆತನ. ಇವರು ಮಾತ್ರ ಅಪ್ಪಟ ರೈತರು. ಕರೆನ್ ಬಡಾವಣೆ ದಾಟಿದ ಮೇಲಿನ ಕೆಮ್ಮಣ್ಣಿನಲ್ಲಿ ಗಂಡ ಹೆಂಡತಿ ಕೋಸು, ಆಲೂಗಡ್ಡೆ ಬೆಳೆದು ನೈರೋಬಿಯ ಮಾರುಕಟ್ಟೆಗೆ ಕಳಿಸುತ್ತಿದ್ದರು. ಒಂದು ಮಳೆಗಾಲ ಪಕ್ಕದ ಹೊಲದ ಬಸುರಿಯನ್ನು ಒಯ್ಯುತ್ತಿದ್ದ ಕಾರು ಕೆಸರಿನಲ್ಲಿ ಹೂತುಕೊಂಡು, ಆಕೆ ದಾರಿಯಲ್ಲೇ ಸತ್ತಳು. ಈ ದೇಶದಲ್ಲಿ ಸಾವಿನ ಮನೆಯೇ ರಾಜಕೀಯದ ಅಂಗಳ. ಮಣ್ಣು ಮಾಡುವ ದಿನ ಯಾರೋ ಮೈಕು ಕೊಟ್ಟರು, ಚಾರ್ಲ್ಸ್ ರಸ್ತೆಗಾಗಿ ಅತ್ತು ಬೈದು ಮಾತಾಡಿದರು. ಜನ ಅವರನ್ನು ಹೆಗಲ ಮೇಲೆ ಹೊತ್ತವರು ಇಳಿಸಿದ್ದು ಕೌಂಟಿ ಅಸೆಂಬ್ಲಿಯಲ್ಲೇ.

“ಒಂದೇ ಅವಧಿ ಮಾರಾಯ್ತಿ. ರಸ್ತೆ ಆದ ಕೂಡಲೆ ಹೊಲಕ್ಕೆ ಬರ್ತೇನೆ,” ಎಂದು ಹೆಂಡತಿ ಅಪೊಲೊನಿಯಾಗೆ ಮಾತು ಕೊಟ್ಟರು. ಅವಧಿ ಮುಗಿಯಿತು, ರಸ್ತೆ ಆಗಲಿಲ್ಲ. ಹಾಗಾದರೆ ದೇಶದ ಪಾರ್ಲಿಮೆಂಟಿಗೇ ಹೋಗಬೇಕು ಅಂದರು, ಹೋದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆ ಮನೆಯಲ್ಲಿ ಕೈ ಅಪೊಲೊನಿಯಾರದು, ಬಾಯಿ ಚಾರ್ಲ್ಸರದು. ಆಕೆ ಕೋಸಿನ ಹುಳ ಆರಿಸುತ್ತಿದ್ದರೆ ಇವರು ಪ್ರತಿ ವಾರ ಯಾರದೋ ಸಮಾಧಿಯ ಬಳಿ ನಿಂತು ಅದೇ ರಸ್ತೆಯ ಭಾಷಣ ಮಾಡುತ್ತಿದ್ದರು. ಕಡೆಗೆ ಜನ ಸೋಲಿಸಿದರು. ಸೋತ ಮೇಲಾದರೂ ಹೊಲಕ್ಕೆ ಬಂದರೇ? ಇಲ್ಲ, ಮುಂದಿನ ಟಿಕೆಟ್ಟಿಗಾಗಿ ಅಲೆದರು. ಇಂಥವರಿಗೆ ಏನು ಹೇಳೋಣ!

ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಅಪೊಲೊನಿಯಾರ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ ದಿನ ಆಕೆ ಗಂಡನ ಫೋನು ಕಿತ್ತು ದಿಂಬಿನ ಕೆಳಗಿಟ್ಟುಕೊಂಡರು. ಆ ದಂಪತಿಗೆ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ.

“ನನ್ನನ್ನು ಮಣ್ಣು ಮಾಡುವಾಗ ನೀವು ಮೈಕು ಮುಟ್ಟಬಾರದು. ಗೊತ್ತಾಯ್ತಾ?”

“ಎಂತ ಮಾತು ಇದು. ನಿನಗೆ ಎಂತ ಆಗುದಿಲ್ಲ.”

“ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಭಾಷಣ ಬೇಡ. ನಮ್ಮ ಹೊಲದ ಮಣ್ಣು ಒಂದು ಹಿಡಿ ತಂದು ನಿಮ್ಮ ಕೈಯಾರೆ ಹಾಕಿ. ಬರ್ತೇನೆ ಬರ್ತೇನೆ ಅಂತ ಹೇಳಿದ್ದೇ ಬಂತು, ನೀವು ಬರ್ಲಿಲ್ಲ. ಇದಾದ್ರೂ ಮಾಡಿ.”

ಚಾರ್ಲ್ಸ್ ಆಕೆಯ ಒರಟು ಅಂಗೈಯನ್ನು ಕಣ್ಣಿಗೊತ್ತಿಕೊಂಡು ಆಗಲಿ ಎಂದರು. ಆ ಗಳಿಗೆಯಲ್ಲಿ ಅವರು ಸುಳ್ಳು ಹೇಳಲಿಲ್ಲ. ಹೆಂಡತಿಯೆಂದರೆ ಅವರಿಗೆ ಪ್ರಾಣ.

ಆಕೆಯನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ಅವರೇ ಕೋಸಿನ ಸಾಲಿಗೆ ಇಳಿದು, ಒಂದು ಹಿಡಿ ಮಣ್ಣು ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿ ಕೋಟಿನ ಜೇಬಿಗೆ ಹಾಕಿಕೊಂಡರು. ಪಕ್ಷದವರು ಕಾರುಗಟ್ಟಲೆ ಬಂದಿದ್ದರು. ಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿ ಮೊದಲ ಹಿಡಿ ಹಾಕಿ ಚಾರ್ಲ್ಸರತ್ತ ನೋಡಿದರು. ಅಷ್ಟರಲ್ಲಿ ಪಕ್ಷದ ಕಾರ್ಯದರ್ಶಿ ಮೈಕು ಚಾಚಿದ.

“ಮ್ಹೆಶಿಮಿವಾ, ಎರಡೇ ಮಾತು.”

ಮ್ಹೆಶಿಮಿವಾ ಅಂದರೆ ಸನ್ಮಾನ್ಯರು. ಸೋತ ಮೇಲೆ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ.

“ಡ್ಯಾಡಿ, ನೋ,” ಎಂದಳು ಮಗಳು ಓಲಿಂಡಾ.

ಬೇಡ ಎನ್ನಲೆಂದೇ ಅವರು ಮೈಕು ತೆಗೆದುಕೊಂಡರು. “ಭಾಷಣ ಮಾಡಬಾರದು ಅಂತ ನನ್ನ ಹೆಂಡತಿ ಹೇಳಿ ಹೋಗಿದ್ದಾಳೆ,” ಎಂದರು ಸ್ವಾಹಿಲಿಯಲ್ಲಿ. ಜನ ಅಯ್ಯೋ ಎಂದು ಮರುಗಿದರು, ಆಮೇಲೆ ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ! ಚಾರ್ಲ್ಸ್ ಗುಂಡಿಗೆ ಬೆನ್ನು ಹಾಕಿ ಜನರತ್ತ ತಿರುಗಿದರು. ಇನ್ನೊಂದು ಮಾತು ಬಂತು. ಅದರ ಹಿಂದೆ ರಸ್ತೆ ಬಂತು, ಕೆಸರಿನಲ್ಲಿ ಸತ್ತ ಬಸುರಿ ಬಂದಳು, ಬರುವ ಚುನಾವಣೆಯೂ ಬಂತು. ಅಪೊಲೊನಿಯಾ ಪ್ರಾಣ ಬಿಟ್ಟದ್ದೂ ಆ ರಸ್ತೆಗಾಗಿಯೇ ಎಂದುಬಿಟ್ಟರು. ಬೆನ್ನ ಹಿಂದೆ ಗುದ್ದಲಿಯ ಸದ್ದಾಯಿತು. ಹುಟ್ಟು ರೈತನಿಗೆ ಆ ಸದ್ದಿನ ಅರ್ಥ ಗೊತ್ತಾಗದೇ ಇರುತ್ತದೆಯೇ? ಈ ಒಂದು ವಾಕ್ಯ ಮುಗಿಯಲಿ ಎಂದುಕೊಂಡರು.

ತಿರುಗಿದಾಗ ಗುಂಡಿ ಮುಚ್ಚಿತ್ತು. ದಿಬ್ಬದ ಮೇಲೆ ಹೂವು ಇಟ್ಟಾಗಿತ್ತು. ಓಲಿಂಡಾಳ ಎರಡೂ ಕೈ ಮಣ್ಣಾಗಿತ್ತು.

“ವಿ ವೇಟೆಡ್, ಡ್ಯಾಡಿ,” ಎಂದಳು. ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ಚಾರ್ಲ್ಸ್ ಜೇಬಿನ ಗಂಟು ಹೊರಗೆ ತೆಗೆದರು. ಅಷ್ಟರಲ್ಲಿ ಕಾರ್ಯದರ್ಶಿ ಎದುರಿಗೇ ಬಂದು ನಿಂತು, ಟಿಕೆಟ್ಟು ನಿಮಗೇ ಎಂದು ಕೈ ಚಾಚಿದ. ಚಾರ್ಲ್ಸ್ ಗಂಟನ್ನು ಮತ್ತೆ ಜೇಬಿಗೆ ಹಾಕಿಕೊಂಡು ಅವನ ಕೈ ಕುಲುಕಿದರು.