ಅಲುಗುವ ಚಪ್ಪಡಿ

ತಿಥಿಯ ಊಟಕ್ಕೆ ಬಂದವರೆಲ್ಲ ಬೈರೇಶನನ್ನು ಹೊಗಳಿದ್ದೇ ಹೊಗಳಿದ್ದು. ಕಿವಿ ಕೇಳದ ತಾಯಿಯನ್ನು ಕೊನೆಯವರೆಗೂ ಅಂಗೈಯಲ್ಲಿಟ್ಟುಕೊಂಡು ಸಾಕಿದನಂತೆ, ಫಳಫಳ ಹೊಳೆಯುವ ಟೈಲ್ಸ್ ಮೇಲೆ ಕೂರಿಸಿದನಂತೆ. ಸಾರು ಬಡಿಸುತ್ತಿದ್ದ ಅವನ ಮಗಳು ಸಿಂಚನಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಟೈಲ್ಸ್ ಸಮಾಚಾರ ಈ ಜನಕ್ಕೇನು ಗೊತ್ತು?

ಬೈರೇಶನ ತಾಯಿ ಅಮ್ಮಯಮ್ಮನಿಗೆ ಚಿಕ್ಕವಳಿದ್ದಾಗಲೇ ಜ್ವರ ಬಂದು ಎರಡೂ ಕಿವಿ ಹೋದವು. ಆಮೇಲೆ ಎಂಬತ್ತು ವರ್ಷ ಬದುಕಿದಳು. ಬದುಕಿದ್ದೇನು ಬಂತು, ರಾಜಘಟ್ಟದ ಆ ಮನೆಯನ್ನು ಆಳಿದಳು. ರಾಗಿ ಕುಯ್ದಳು, ಹಸು ಕಟ್ಟಿದಳು, ಮಕ್ಕಳನ್ನು ಸಾಕಿದಳು. ಮಲಗುವಾಗ ಕೂಸಿನ ಕಾಲಿಗೂ ತನ್ನ ಕೈಗೂ ಒಂದು ದಾರ ಕಟ್ಟಿಕೊಳ್ಳುತ್ತಿದ್ದಳು. ಕೂಸು ಮಿಸುಕಿದರೆ ಅವಳಿಗೆ ಎಚ್ಚರ. ಬೈರೇಶ ಬೆಳೆದದ್ದೂ ಅದೇ ದಾರದ ತುದಿಯಲ್ಲಿ.

ಬಾಗಿಲಲ್ಲೊಂದು ಕಲ್ಲುಚಪ್ಪಡಿ ಇತ್ತು. ಅದರ ಒಂದು ತುದಿ ಜಗಲಿಯ ಕಡೆ, ಇನ್ನೊಂದು ನಡುಮನೆಯೊಳಗೆ. ಹೊರತುದಿಯ ಮೇಲೆ ಯಾರು ಕಾಲಿಟ್ಟರೂ ಒಳತುದಿ ಅಲುಗುತ್ತಿತ್ತು. ಅಜ್ಜಿ ಕೂರುತ್ತಿದ್ದದ್ದು ಆ ಒಳತುದಿಯ ಮೇಲೆಯೇ. ಭಾರವಾಗಿ ಅಲುಗಿದರೆ ಮಗ, ಸರಕ್ಕನೆ ಅಲುಗಿದರೆ ಸೊಸೆ. ಸಿಂಚನ ಮಾತ್ರ ಚಿಕ್ಕಂದಿನಿಂದ ಬೇಕೆಂದೇ ಎರಡು ಸಲ ಕುಟ್ಟಿ ಬರುತ್ತಿದ್ದಳು. ಅಜ್ಜಿ ತಿರುಗುವ ಮೊದಲೇ ನಗುತ್ತಿದ್ದಳು. ಅಜ್ಜಿಯ ಕೈಮಾತಿನಲ್ಲಿ ಮೊಮ್ಮಗಳ ಹೆಸರೂ ಅದೇ ಆಯಿತು: ಮಂಡಿಯ ಮೇಲೆ ಎರಡು ಸಲ ತಟ್ಟುವುದು. ಕಲ್ಲಿನಡಿಗೆ ಸಿಮೆಂಟು ತುಂಬಲು ಬಂದ ಗಾರೆಯವನನ್ನು ಅಜ್ಜಿ ಒಮ್ಮೆ ಪೊರಕೆ ಹಿಡಿದು ಓಡಿಸಿದ್ದಳು.

ಹೋದ ವರ್ಷ ಸಿಂಚನಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಅಜ್ಜಿಯನ್ನು ನಲ್ಲೂರಿನ ಅವಳ ತಂಗಿಯ ಮನೆಗೆ ಕರೆದುಕೊಂಡು ಹೋಗು, ನಾಲ್ಕು ದಿನ ಹಾಯಾಗಿರಲಿ ಎಂದ ಬೈರೇಶ. ಅಪ್ಪನಿಗೆ ಎಷ್ಟು ಕಾಳಜಿ ಎಂದು ಆ ಪೆದ್ದಿ ಖುಷಿಪಟ್ಟಳು. ಹೊರಡುವಾಗ ಅಜ್ಜಿ ಚಪ್ಪಡಿಯ ಮೇಲೆ ಸುಮ್ಮನೆ ನಿಂತುಬಿಟ್ಟಳು. ಬಸ್ಸು ತಪ್ಪುತ್ತದೆಂದು ಸಿಂಚನಳೇ ಕೈಹಿಡಿದು ಎಳೆದಳು.

ವಾಪಸು ಬಂದರೆ ಚಪ್ಪಡಿ ಇಲ್ಲ, ಬಾಗಿಲಿಂದ ಒಳಗಿನವರೆಗೂ ಬಿಳಿ ಟೈಲ್ಸ್. ಸಿಂಚನ ಅಪ್ಪನ ಮೇಲೆ ಕೂಗಾಡಿದಳು. ಅಜ್ಜಿಯ ಮುಂದೆ ಕೂತು, ಕಲ್ಲಿದ್ದ ಜಾಗ ತೋರಿಸಿ, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳು. ಅಜ್ಜಿ ಅಳಲಿಲ್ಲ, ಗಾಬರಿಯೂ ಆಗಲಿಲ್ಲ. ಮೊಮ್ಮಗಳ ಕೈ ಹಿಡಿದು ನಿಲ್ಲಿಸಿ, ತಲೆ ಸವರಿ ನಕ್ಕಳು. ಅದ್ಯಾಕೆ ನಕ್ಕಳೋ ಸಿಂಚನಳಿಗೆ ತಿಳಿಯಲಿಲ್ಲ.

ಅವತ್ತಿನಿಂದ ಅಜ್ಜಿ ಬಾಗಿಲನ್ನೇ ನೋಡುತ್ತಾ ಕೂರತೊಡಗಿದಳು. ತುಸು ಕಣ್ಣು ಮುಚ್ಚಿದಾಗ ಯಾರಾದರೂ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ಹಾಗೇ ಬಾಗಿಲು ಕಾಯುತ್ತಾ ಹೋಗಿಬಿಟ್ಟಳು.

ಊಟ ಮುಗಿದು ನೆಂಟರು ಎಲೆ ಅಡಿಕೆಗೆ ಕೂತಾಗ ಬೈರೇಶನ ಭಾವ ನರಸಿಂಹಯ್ಯ ಒಂದು ಮಾತು ಕೇಳಿದ. ಕಲ್ಲು ಮುಟ್ಟಲು ಬಿಡದ ಅತ್ತೆ ಅದು ಹೇಗೆ ಒಪ್ಪಿದರು?

“ನಾನ್ ಕೇಳಿದ್ರೆ ಅವ್ವ ಒಪ್ತಿತ್ತಾ ಭಾವ?” ಬೈರೇಶ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ನಲ್ಲೂರಿಗೆ ಕಳಿಸೋಕೆ ಮೊದ್ಲೇ ಮಂಡಿ ಮೇಲೆ ಎರಡು ಸಲ ತಟ್ದೆ, ಕಲ್ಲು ತೋರಿಸ್ದೆ, ಕೈ ಮುಗಿದೆ. ಸಿಂಚನ ಬೇಡ್ಕೊತಾವ್ಳೆ ಅಂತ. ತಕ್ಷಣ ತಲೆ ಆಡಿಸ್ಬಿಡ್ತು.”

ಸಾರಿನ ಪಾತ್ರೆ ತೊಳೆಯಲು ಹೊರಟಿದ್ದ ಸಿಂಚನ ಅಲ್ಲೇ ನಿಂತಳು. ಹಾಗಾದರೆ ಅಜ್ಜಿಗೆ ಎಲ್ಲ ಗೊತ್ತಿತ್ತು. ಮೊಮ್ಮಗಳೇ ಕೇಳಿದಳೆಂದು ತನ್ನ ಕಿವಿಯನ್ನೇ ಕಿತ್ತು ಕೊಟ್ಟಿದ್ದಳು. ಅವತ್ತು ಕೆನ್ನೆ ಬಡಿದುಕೊಂಡದ್ದು ಅಪ್ಪನ ಸುಳ್ಳಿಗೆ ಸಾಕ್ಷಿ ಹೇಳಿದಂತಾಯಿತು. ಇನ್ನು ಯಾರಿಗೆ ಹೇಳುವುದು, ನಾನು ಕೇಳಲಿಲ್ಲ ಅಜ್ಜಿ ಎಂದು?

“ನನ್ ಹೆಸ್ರಲ್ಲೇ ಕಿತ್ಕೊಂಡ್ಯಲ್ಲಪ್ಪ,” ಎಂದಳು.

“ನಿನ್ ನಿಶ್ಚಿತಾರ್ಥಕ್ಕೇ ಅಲ್ವೇನವ್ವಾ ಮಾಡಿದ್ದು,” ಎಂದ ಬೈರೇಶ.

ಸಿಂಚನ ಕೊಟ್ಟಿಗೆಗೆ ಹೋಗಿ ಹಾರೆ ತಂದಳು. ನೆಂಟರ ನಡುವೆಯೇ ಹಾದು, ಬಾಗಿಲ ಟೈಲ್ಸಿಗೆ ಎತ್ತಿ ಹಾಕಿದಳು. ಹೆಂಗಸರು ಎದ್ದು ದೂರ ಸರಿದರು. ಸಿಂಚನಾ, ಸಿಂಚನಾ ಎಂದು ಅಪ್ಪ ಹಿಂದಿನಿಂದ ಒಂದೇ ಸಮ ಕೂಗುತ್ತಿದ್ದ. ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು. ತಿರುಗಲಿಲ್ಲ.