ಅಕ್ಕಯ್ಯಮ್ಮ ಬೆಳಗಿದ ಅಮ್ಮನವರು

ಕೊಳೆ ಕಂಡರೆ ಅಕ್ಕಯ್ಯಮ್ಮನಿಗೆ ಆಗುತ್ತಿರಲಿಲ್ಲ. ಅವಳ ಮನೆಯ ಹಿತ್ತಾಳೆ ಚೆಂಬು ನೋಡಿಕೊಂಡೇ ತಲೆ ಬಾಚಬಹುದು ಎಂದು ಚಿಕ್ಕಹುಡ್ಯ ಊರಿನವರು ಆಡಿಕೊಳ್ಳುತ್ತಿದ್ದರು. ಅದು ಕೀಟಲೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಹೊಗಳಿಕೆ ಎಂದೇ ಎತ್ತಿಟ್ಟುಕೊಂಡಿದ್ದಳು. ಹುಣಸೆಹಣ್ಣು, ಒಲೆ ಬೂದಿ, ಒಂದು ಹಿಡಿ ತೆಂಗಿನ ನಾರು ಕೊಟ್ಟುಬಿಟ್ಟರೆ ಅವಳು ಶಿಡ್ಲಘಟ್ಟದ ಬಸ್ ಸ್ಟ್ಯಾಂಡನ್ನೂ ಬೆಳಗಿ ಇಡುವಂಥವಳು.

ಹಿಪ್ಪುನೇರಳೆ ತೋಟದ ಅಂಚಿಗೆ ಕೃಷಿಹೊಂಡ ತೋಡಿಸುವಾಗ ಜೆಸಿಬಿ ಬಾಯಿಗೆ ಗೇಣುದ್ದದ ಅಮ್ಮನವರ ವಿಗ್ರಹವೊಂದು ಸಿಕ್ಕಿತು. ಮೈಯೆಲ್ಲ ಹಸಿರು ಕಿಲುಬು, ಅದರ ಮೇಲೆ ಮಣ್ಣು. ಮಗ ಚನ್ನಕೇಶವ ನೆಟ್ಟಗಿನ ಮನುಷ್ಯ, ಅವತ್ತೇ ತಾಲ್ಲೂಕು ಕಚೇರಿಗೆ ಹೋಗಿ ವಿಷಯ ತಿಳಿಸಿ ಬಂದ. ನಾವು ಬಂದು ತೆಗೆದುಕೊಂಡು ಹೋಗುವ ತನಕ ಜೋಪಾನ ಮಾಡಿ ಎಂದರು ಅಲ್ಲಿಯವರು. ಆದರೆ ಅವರಿಗಿಂತ ಮುಂಚೆ ‘ನೆಲದ ನಿಧಿ’ ಬಂದುಬಿಟ್ಟಿತು.

‘ನೆಲದ ನಿಧಿ’ ಟಿ.ವಿ.ಯಲ್ಲಿ ಭಾನುವಾರ ಬರುವ ಕಾರ್ಯಕ್ರಮ. ಟೋಪಿ ಹಾಕಿದ ರಮೇಶ್‌ಬಾಬು ಎಂಬಾತ ಊರೂರು ಸುತ್ತಿ ನೆಲ ಅಗೆಸುತ್ತಾನೆ. ಏನಾದರೂ ಸಿಕ್ಕರೆ ಅವನ ಉಸಿರು ಜೋರಾಗುತ್ತದೆ, ತಕ್ಷಣ ಜಾಹೀರಾತು ಬರುತ್ತದೆ. ಅಕ್ಕಯ್ಯಮ್ಮ ಒಂದು ವಾರವೂ ತಪ್ಪಿಸಿದವಳಲ್ಲ. ಅವನು ಸಾವಿರ ವರ್ಷ ಎಂದರೆ ಸಾವಿರ ವರ್ಷ, ರಾಜರದ್ದು ಎಂದರೆ ರಾಜರದ್ದು. ಜೆಸಿಬಿಯವನ ಮೊಬೈಲಿನಲ್ಲಿದ್ದ ವಿಡಿಯೋ ನೋಡಿ ಅದೇ ರಮೇಶ್‌ಬಾಬು ತನ್ನ ಮನೆಗೇ ಬರುತ್ತಾನೆಂದಾಗ ಅವಳು ಹಿಗ್ಗಿಹೋದಳು.

“ಅಮ್ಮಾ, ವಿಗ್ರಹ ಮುಟ್ಟಬೇಡ. ಹೆಂಗಿದೆಯೋ ಹಂಗೇ ಇರಲಿ,” ಎಂದು ಹೇಳಿ ಚನ್ನಕೇಶವ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕಲು ಹೋದ.

ಇಡೀ ರಾಜ್ಯ ನೋಡುವಾಗ ಅಮ್ಮನವರನ್ನು ಆ ಹೊಲಸು ಮುಖದಲ್ಲಿ ಕೂರಿಸುವುದುಂಟೆ? ಮದುವೆ ಹೆಣ್ಣನ್ನು ಎಣ್ಣೆ ನೀರಿಲ್ಲದೆ ಹಸೆಗೆ ಕಳಿಸಿದ ಹಾಗಾಗುತ್ತದೆ. ಅಕ್ಕಯ್ಯಮ್ಮ ಹುಣಸೆಹಣ್ಣು ನೆನೆಹಾಕಿ ಹಿತ್ತಲಲ್ಲಿ ಕೂತಳು. ಆ ಕಿಲುಬು ಸುಲಭಕ್ಕೆ ಬಗ್ಗುವಂಥದ್ದಾಗಿರಲಿಲ್ಲ. ಬೂದಿ ಹಾಕಿ ತಿಕ್ಕಿದಳು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು, ಭುಜ ಬಿದ್ದುಹೋಗುವ ತನಕ ತಿಕ್ಕಿದಳು. ಹೊತ್ತು ನೆತ್ತಿಗೇರುವಾಗ ಅಮ್ಮನವರು ಧಗಧಗ ಹೊಳೆಯತೊಡಗಿದರು. ಕಂಕುಳ ಸಂದಿಯಲ್ಲಿ ಬೆರಳು ಹೋಗದ ಕಡೆ ಒಂದಿಷ್ಟು ಹಸಿರು ಉಳಿಯಿತು. ಅದೊಂದರಲ್ಲಿ ಅವಳಿಗೆ ಸಮಾಧಾನವಿರಲಿಲ್ಲ.

ವಿಗ್ರಹ ನೋಡಿ ಚನ್ನಕೇಶವ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಕ್ಯಾಮೆರಾದವರು ಅಂಗಳಕ್ಕೆ ಬಂದಿದ್ದರು. ಹಳೆಯ ವಸ್ತುಗಳನ್ನು ಪರೀಕ್ಷೆ ಮಾಡಲೆಂದು ಕಾರ್ಯಕ್ರಮದವರು ಅನ್ವಿತಾ ಎಂಬ ಹುಡುಗಿಯನ್ನು ಇಟ್ಟುಕೊಂಡಿದ್ದರು. ಅದನ್ನೇ ಓದಿಕೊಂಡವಳು, ಚಿಕ್ಕಬಳ್ಳಾಪುರದ ಮೇಷ್ಟರೊಬ್ಬರ ಮಗಳು. ಅವಳು ಭೂತಗನ್ನಡಿ ಹಿಡಿದು ವಿಗ್ರಹವನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮೇಲಿನ ಕಿಲುಬೆಲ್ಲ ಉಜ್ಜಿಬಿಟ್ಟಿದ್ದಾರೆ ಸರ್. ಹಳೇದಿರಬಹುದು, ಹೊಸದಿರಬಹುದು. ಇಲ್ಲೇ ನೋಡಿ ಹೇಳೋಕಾಗಲ್ಲ, ಲ್ಯಾಬಿಗೆ ಹೋಗಬೇಕು.”

ಭಾನುವಾರ ಟಿ.ವಿ.ಯಲ್ಲಿ ಬಂದಿದ್ದು ಇಷ್ಟೇ: “ಹೊಸದಿರಬಹುದು.” ಮುಂದಿನ ಮಾತೆಲ್ಲ ರಮೇಶ್‌ಬಾಬುವಿನದ್ದು. “ನೋಡಿ ವೀಕ್ಷಕರೇ, ಅಂಗಡಿ ವಿಗ್ರಹ ತಂದು ನಮಗೇ ಟೋಪಿ ಹಾಕೋಕೆ ಬಂದಿದ್ದಾರೆ ಈ ಕುಟುಂಬದವರು.” ಅದರ ಹಿಂದೆಯೇ ಚನ್ನಕೇಶವ ತಲೆ ಮೇಲೆ ಕೈ ಹೊತ್ತು ಕೂತ ಚಿತ್ರ ತೋರಿಸಿದರು. ಸಿಕ್ಕಿಬಿದ್ದ ಕಳ್ಳನ ಹಾಗೇ ಕಾಣುತ್ತಿದ್ದ.

ಮಾರನೆಯ ದಿನ ಅವನು ರೇಷ್ಮೆಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ. ವರ್ಷಗಳಿಂದ ಅವನ ಗೂಡನ್ನು ಕಣ್ಣುಮುಚ್ಚಿ ಕೊಳ್ಳುತ್ತಿದ್ದ, ನೂಲು ತೆಗೆಯುವ ರೀಲರೊಬ್ಬ ಅಂದು ಮಂಕರಿಯ ತಳದ ತನಕ ಕೈ ಹಾಕಿ ಗೂಡು ಕೆದಕಿದ. “ಏನಿಲ್ಲಪ್ಪಾ, ಕೆಳಗೂ ಇದೇ ಮಾಲಾ ಅಂತ ನೋಡ್ದೆ,” ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಚನ್ನಕೇಶವ ಮನೆಗೆ ಬಂದು ಇಷ್ಟನ್ನು ಹೇಳಿದ, ಹೇಳಿ ತಟ್ಟೆಯ ಮುಂದಿಂದ ಎದ್ದುಹೋದ. ಬೈದಿದ್ದರೆ ಅಕ್ಕಯ್ಯಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಅವನು ಬೈಯದೆ ಹೋದ. ಮಗನ ಮುಖಕ್ಕೆ ಮಸಿ ಬಳಿದದ್ದು ತನ್ನ ಕೈಯೇ, ಅದನ್ನು ತೊಳೆಯುವ ಕೈಯೂ ತನ್ನದೇ ಆಗಬೇಕು ಎಂದುಕೊಂಡಳು.

ರಮೇಶ್‌ಬಾಬು ಇನ್ನೂ ಊರು ಬಿಟ್ಟಿರಲಿಲ್ಲ. ನಕಲಿ ತೋರಿಸಿದ ಊರಲ್ಲೇ ಅಸಲಿ ತೋರಿಸುತ್ತೇನೆ ಎಂದು ಕೆರೆಯಂಗಳದಲ್ಲಿ ಅಗೆಸುತ್ತಿದ್ದ. ಅವನಿಗೆ ನಾಲ್ಕು ಮಾತು ಹೇಳಿಬರೋಣ ಎಂದು ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಅವಳು ಹೋಗುವ ಹೊತ್ತಿಗೆ ಊರೆಲ್ಲ ಮೊಬೈಲು ಎತ್ತಿಕೊಂಡು ಗುಂಡಿಯ ಸುತ್ತ ನಿಂತಿತ್ತು. ರಮೇಶ್‌ಬಾಬು ಗುಂಡಿಯೊಳಗೆ ಮಂಡಿಯೂರಿ ಒಂದು ವಿಗ್ರಹವನ್ನು ಎತ್ತಿ ಹಿಡಿದಿದ್ದ. ಅದು ಕೂಡ ಗೇಣುದ್ದ, ಅದಕ್ಕೂ ಹಸಿರು ಕಿಲುಬು.

“ಸಾವಿರ ವರ್ಷ, ವೀಕ್ಷಕರೇ. ಈ ಹಸಿರೇ ಅದಕ್ಕೆ ಸಾಕ್ಷಿ.”

“ಸರ್, ಒಂದ್ಸಲ ನಾನು ನೋಡ್ತೀನಿ,” ಎಂದು ಅನ್ವಿತಾ ಕೈ ಚಾಚಿದಳು.

“ಆಮೇಲೆ ನೋಡಮ್ಮ. ಮೊದ್ಲು ಪೂಜೆ ಶಾಟ್ ಆಗಲಿ. ಬೆಳಕು ಹೋಗ್ತದೆ.”

ಅಕ್ಕಯ್ಯಮ್ಮ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಕಿಲುಬಿನ ಜೊತೆ ಮೊನ್ನೆಯಷ್ಟೇ ಕುಸ್ತಿ ಆಡಿದವಳು ಅವಳು, ಭುಜದ ನೋವು ಇನ್ನೂ ಹೋಗಿರಲಿಲ್ಲ. ಅವಳ ಅಮ್ಮನವರ ಮೇಲಿದ್ದ ಕಿಲುಬು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮಣ್ಣು ಅದರೊಳಕ್ಕೇ ಬೆಂದು ಕೂತ ಹಾಗಿತ್ತು. ಈ ವಿಗ್ರಹಕ್ಕೆ ಕಿಟಕಿ ಸರಳಿಗೆ ಬಣ್ಣ ಬಳಿದ ಹಾಗೆ ಎಲ್ಲ ಕಡೆ ಒಂದೇ ಸಮ ಹಸಿರು. ಮಣ್ಣೋ, ಊದಿದರೆ ಹಾರಿಹೋಗುವಂತಿತ್ತು.

ರಮೇಶ್‌ಬಾಬು ಸುತ್ತ ಕಣ್ಣಾಡಿಸಿದ. ಹಣೆ ತುಂಬ ಕುಂಕುಮ, ಕೈತುಂಬ ಬಳೆ ಇದ್ದ ಅಕ್ಕಯ್ಯಮ್ಮ ಅವನ ಕಣ್ಣಿಗೆ ಬಿದ್ದಳು. ಮೊನ್ನೆ ಯಾರ ಮನೆಗೆ ಹೋಗಿದ್ದೆನೆಂಬುದು ಅವನಿಗೆ ನೆನಪಿದ್ದಂತಿರಲಿಲ್ಲ.

“ಅಜ್ಜಿ, ಒಂದು ಆರತಿ ಎತ್ತುತೀರಾ?”

“ಅದಕ್ಕೇನಪ್ಪಾ, ಎತ್ತುತೀನಿ. ಮನೇಗ್ಹೋಗಿ ತಟ್ಟೆ ತರ್ತೀನಿ, ಇರು.”

ತಟ್ಟೆ ತಂದಳು. ಜೊತೆಗೊಂದು ಚೆಂಬನ್ನೂ ತಂದಳು. ದಾರಿಯಲ್ಲಿ ಚನ್ನಕೇಶವನನ್ನು ಕರೆದು, “ನಮ್ಮ ಅಮ್ಮನೋರ್ನ ಎತ್ಕೊಂಡು ಬಾರೋ ನನ್ ಹಿಂದೆ,” ಎಂದಳು.

“ಇನ್ನೂ ಮರ್ಯಾದೆ ಹೋಗಬೇಕಾ ಅಮ್ಮಾ?”

“ಬಾ ಅಂದ್ನಲ್ಲ ಕಣೋ. ಹೋಗಿದ್ದನ್ನ ತರಕ್ಕೇ ಹೋಗ್ತಿರೋದು.”

ಕ್ಯಾಮೆರಾ ಓಡತೊಡಗಿತು. ಅಕ್ಕಯ್ಯಮ್ಮ ವಿಗ್ರಹದ ಮುಂದೆ ಕೂತು ತಟ್ಟೆಯನ್ನು ಪಕ್ಕಕ್ಕೆ ಇಟ್ಟಳು. “ನಮ್ಮ ಕಡೆ ಸ್ನಾನ ಆಗದ ದೇವರಿಗೆ ಆರತಿ ಎತ್ತಲ್ಲಪ್ಪಾ. ಮೊದಲು ನೀರು ಹಾಕ್ತೀನಿ.”

ಅಭಿಷೇಕ ಎಂದರೆ ಟಿ.ವಿ.ಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ರಮೇಶ್‌ಬಾಬು ಆಗಲಿ ಎಂದು ತಲೆಯಾಡಿಸಿದ. ಅಕ್ಕಯ್ಯಮ್ಮ ಚೆಂಬಿನಲ್ಲಿದ್ದ ಹುಣಸೆರಸವನ್ನು ದೇವರ ತಲೆಯ ಮೇಲೆ ಸುರಿದು, ಅಂಗೈಯಲ್ಲಿ ಒಂದು ಸಲ ಸವರಿದಳು. ತಿಕ್ಕಲಿಲ್ಲ, ಮಗುವಿನ ಬೆನ್ನು ಸವರಿದ ಹಾಗೆ ಸವರಿದಳು ಅಷ್ಟೇ. ಹಸಿರೆಲ್ಲ ಅವಳ ಕೈಗೆ ಬಂತು. ಅದರ ಕೆಳಗೆ ಹಳದಿ ಹಿತ್ತಾಳೆ, ಮಷೀನಿನ ಗೀರುಗಳ ಸಮೇತ, ಬಿಸಿಲಿಗೆ ಪಳಪಳ ಎಂದಿತು.

ಅಕ್ಕಯ್ಯಮ್ಮ ಹಸಿರು ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿದಳು. “ಸಾವಿರ ವರ್ಷದ್ದು ಒಂದೇ ಏಟಿಗೆ ಬಂದ್ಬಿಡ್ತಲ್ಲಪ್ಪಾ. ನಂದು ಮಧ್ಯಾಹ್ನದ ತನಕ ತಿಕ್ಕಿದ್ರೂ ಪೂರ್ತಿ ಹೋಗಲಿಲ್ಲ.”

“ಕಟ್, ಕಟ್,” ಎಂದ ರಮೇಶ್‌ಬಾಬು. ಕ್ಯಾಮೆರಾ ನಿಂತಿತು, ಊರವರ ಮೊಬೈಲುಗಳು ನಿಲ್ಲಲಿಲ್ಲ.

ಅನ್ವಿತಾ ಗುಂಡಿಯ ವಿಗ್ರಹವನ್ನು ಎತ್ತಿ ಒಮ್ಮೆ ನೋಡಿ ಕೆಳಗಿಟ್ಟಳು. ಆಮೇಲೆ ಚನ್ನಕೇಶವನ ಕೈಯಿಂದ ಅಮ್ಮನವರನ್ನು ತೆಗೆದುಕೊಂಡು ಕಂಕುಳ ಸಂದಿಗೆ ಭೂತಗನ್ನಡಿ ಹಿಡಿದಳು. ಅಲ್ಲಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ಅವತ್ತು ಮೇಲಷ್ಟೇ ನೋಡಿದ್ದೆ, ಇಲ್ಲಿ ನೋಡಿರಲಿಲ್ಲ. ತಪ್ಪು ನಂದು,” ಎಂದು ಊರವರ ಮೊಬೈಲುಗಳ ಕಡೆಗೇ ತಿರುಗಿ ಹೇಳಿದಳು. “ಇಲ್ಲಿ ಉಳಿದಿರೋ ಕಿಲುಬು ಲೋಹದೊಳಗಿಂದ ಬೆಳೆದಿದೆ. ಇದನ್ನ ಹಚ್ಚೋಕೆ ಆಗಲ್ಲ. ಎಷ್ಟು ವರ್ಷದ್ದು ಅಂತ ಲ್ಯಾಬಿನವರು ಹೇಳ್ತಾರೆ, ಆದರೆ ಬಹಳ ಕಾಲ ನೆಲದಲ್ಲಿ ಇದ್ದದ್ದಂತೂ ಹೌದು. ಈ ಮನೆಯವರು ಸುಳ್ಳು ಹೇಳಿಲ್ಲ. ಆ ಗುಂಡೀಲಿ ಸಿಕ್ಕಿದ್ದು ಹೊಸದು.”

ಆ ವಿಡಿಯೋ ಚಿಂತಾಮಣಿ, ಗೌರಿಬಿದನೂರು ಎಲ್ಲ ಸುತ್ತಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೂ ತಲುಪಿತು. ಮುಂದಿನ ಸಲ ಆ ರೀಲರ್ ಚನ್ನಕೇಶವನ ಮಂಕರಿಗೆ ಕೈ ಹಾಕಲಿಲ್ಲ. “ಅಮ್ಮನೋರು ಚೆನ್ನಾಗಿದ್ದಾರಾ?” ಎಂದು ಕೇಳಿದ. ಕೇಳಿದ್ದು ದೇವರನ್ನೋ ತಾಯಿಯನ್ನೋ ತಿಳಿಯದೆ ಚನ್ನಕೇಶವ, “ಇಬ್ಬರೂ ಚೆನ್ನಾಗಿದ್ದಾರೆ,” ಎಂದ. ಅವತ್ತು ಮನೆಗೆ ಬಂದು ಎರಡು ಮುದ್ದೆ ಉಂಡ.

ಕಡೆಗೆ ತಾಲ್ಲೂಕು ಕಚೇರಿಯವರೂ ಬಂದರು. ಅಮ್ಮನವರು ಮ್ಯೂಸಿಯಂ ಸೇರುತ್ತಾರೆ ಎಂದು ಹೇಳಿ, ನಡುಮನೆಯಲ್ಲಿ ಕಾಗದಗಳಿಗೆ ಚನ್ನಕೇಶವನ ಸಹಿ ಹಾಕಿಸಿಕೊಂಡರು. ಹೊರಡುವ ಮುಂಚೆ ಫೋಟೋ ತೆಗೆಯಬೇಕಿತ್ತು. ಗುಮಾಸ್ತನೊಬ್ಬ ವಿಗ್ರಹವನ್ನು ಬೆಳಕಿಗೆ ತಿರುಗಿಸಿ, “ಇಲ್ಲೊಂಚೂರು ಗಲೀಜು ಉಳಿದಿದೆಯಲ್ಲಮ್ಮ,” ಎಂದು ಕರವಸ್ತ್ರ ಒದ್ದೆ ಮಾಡಿಕೊಂಡು ಕಂಕುಳ ಸಂದಿಗೆ ಬೆರಳು ಇಟ್ಟ.

ಅಕ್ಕಯ್ಯಮ್ಮ ಅವನ ಕೈ ಹಿಡಿದುಕೊಂಡಳು. ಜೀವಮಾನವಿಡೀ ಕೊಳೆ ಕಂಡಲ್ಲೆಲ್ಲ ತಿಕ್ಕಿದ ಕೈ ಅದು, ಹಿಡಿತ ಗಟ್ಟಿಯಾಗಿತ್ತು.

“ಅದನ್ನ ಮುಟ್ಟಬೇಡಪ್ಪಾ,” ಎಂದಳು. “ನನ್ ಮಗ ಸುಳ್ಳು ಹೇಳಿಲ್ಲ ಅನ್ನೋದಕ್ಕೆ ಉಳಿದಿರೋದು ಅದೊಂದೇ.”