ಬುಧವಾರದ ಚೌಕ

“ಅಯ್ಯೋ, ಈ ಹಸಿರು ಚೌಕ ತಾನಾಗೇ ಓಡಾಡ್ತಿದೆ ಕಣೇ!” ಅವಳು ಒದ್ದೆ ಕೈಯನ್ನು ಲ್ಯಾಪ್‌ಟಾಪಿನಿಂದ ಸರ್ರನೆ ಹಿಂದಕ್ಕೆಳೆದುಕೊಂಡಳು.

“ಅದು ನಾನೇ ಅತ್ತಿಗೆ,” ಫೋನಿನಲ್ಲಿ ನಾದಿನಿ ನಕ್ಕಳು. “ನನ್ನ ಮೇಲ್ ಐಡಿ ಸೇರಿಸಿದ್ರಲ್ಲ, ಇಲ್ಲಿಂದಲೇ ನಿಮ್ಮ ಆನ್‌ಲೈನ್ ಹಾಳೆಯೊಳಗೆ ಬಂದೆ. ಹೆದರ್ಬೇಡಿ, ಏನೂ ಕದಿಯಲ್ಲ.”

“ಕದಿಯೋಕೇನಿದೆ? ಬರೀ ಖಾಲಿ ಚೌಕ.”

“ತುಂಬ್ಸೋಣ. ಮೇಲಿನ ಸಾಲಲ್ಲಿ ಬರೀರಿ: ದಿನ, ಕರ್ಕೊಂಡು ಹೋಗೋರು, ಕರ್ಕೊಂಡು ಬರೋರು. ಅಕ್ಷರ ಚೌಕದಲ್ಲಿ ಹಿಡೀಲಿಲ್ವಾ? ಮಧ್ಯದ ಗೆರೆ ಹಿಡ್ಕೊಂಡು ಎಳೀರಿ. ಕಿಟಕಿ ಪರದೆ ಸರಿಸ್ತೀವಲ್ಲ, ಹಾಗೆ ಮೆಲ್ಲಗೆ.”

ಗೆರೆ ಸರಿಯಿತು. ಅವಳ ಮುಖ ಅರಳಿತು.

ಗಂಡನನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಮನೆಯಲ್ಲಿ ಗಾಡಿಯಿಲ್ಲ. ಪ್ರತಿ ಸಲ ಬೀದಿಯ ಒಬ್ಬರಿಗಲ್ಲ ಒಬ್ಬರಿಗೆ ಫೋನು ಮಾಡಿ ಕೇಳುವಾಗ ಅವಳ ನಾಲಿಗೆ ಒಣಗುತ್ತಿತ್ತು. ಯಾರೂ ಆಗುವುದಿಲ್ಲವೆಂದವರಲ್ಲ. ಆದರೂ ಅವಳು ಅಂಗಲಾಚುವುದನ್ನು ಒಳಕೋಣೆಯಿಂದ ಕೇಳಿಸಿಕೊಂಡ ಗಂಡ, “ಸಾಕು, ಇನ್ಮೇಲೆ ಬಸ್ಸಲ್ಲೇ ಹೋಗ್ತೀನಿ,” ಎಂದುಬಿಟ್ಟಿದ್ದ. ಹಿಂದೊಮ್ಮೆ ವಾಪಸು ಬರುವಾಗ ಕಣ್ಣು ಕತ್ತಲೆಗಟ್ಟಿ ಬಸ್ಸಿನ ಮೆಟ್ಟಿಲಲ್ಲೇ ಕುಸಿದದ್ದನ್ನು ಮರೆತವನಂತೆ. ಯಾರನ್ನೂ ಕೇಳುವುದೇ ಬೇಡ, ಹಾಳೆಯಿಟ್ಟರೆ ಆಗುವವರು ತಾವೇ ಹೆಸರು ಬರೆಯುತ್ತಾರೆ ಎಂಬುದು ನಾದಿನಿಯ ಉಪಾಯ.

ಲಿಂಕನ್ನು ಬೀದಿಯವರ ಗುಂಪಿಗೆ ಕಳಿಸಿದಳು. ಪಾತ್ರೆ ತೊಳೆದು ಒಮ್ಮೆ ಇಣುಕಿದಳು, ಬಟ್ಟೆ ಮಡಿಸಿ ಇನ್ನೊಮ್ಮೆ. ಸಂಜೆಯ ಹೊತ್ತಿಗೆ ಎಲ್ಲರೂ ನೋಡಿದ್ದರು. ಯಾರೂ ಬರೆದಿರಲಿಲ್ಲ. ಬೇಸತ್ತಿರಬೇಕು ಪಾಪ, ಅವರಿಗೂ ಮನೆಮಠ ಇಲ್ಲವೇ ಎಂದುಕೊಂಡಳು. ಗಂಡ ಕಪಾಟಿನಿಂದ ಬಸ್ ಪಾಸು ತೆಗೆದು ಅಂಗಿಯ ಜೇಬಿಗಿಟ್ಟುಕೊಂಡ.

ಆಗಲೇ ಬಾಗಿಲು ಬಡಿದ ಸದ್ದು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಬೇಕರಿಯವನು.

“ಏನಕ್ಕಾ, ಬನ್ನಿ ಅಂತ ಕರೆದು ಬಾಗಿಲಿಗೆ ಬೀಗ ಜಡಿದ್ರೆ ಹೇಗೆ? ಬೆಳಗ್ಗಿಂದ ಆ ಹಾಳೇಲಿ ಒತ್ತಿ ಒತ್ತಿ ಬೆರಳು ಸವೆದುಹೋಯ್ತು, ಒಂದಕ್ಷರ ಮೂಡ್ತಿಲ್ಲ. ಟೈಲರಮ್ಮ ಫೋನೇ ಕೆಟ್ಟಿದೆ ಅಂತ ರಿಪೇರಿಗೆ ಹೊರಟಿದ್ರು!”

ಅವಳು ಗಾಬರಿಯಿಂದ ನಾದಿನಿಗೆ ಫೋನು ಹಚ್ಚಿದಳು.

“ಅಯ್ಯೋ, ನಂದೇ ತಪ್ಪು ಅತ್ತಿಗೆ! ಲಿಂಕ್ ಇದ್ದೋರು ನೋಡಬಹುದು ಅಂತಷ್ಟೇ ಇದೆ. ಅದನ್ನ ತಿದ್ದಬಹುದು ಅಂತ ಮಾಡಿ. ನಾನೊಬ್ಬಳು ಒಳಗಿದ್ದೆ ನೋಡಿ, ಹೊರಗಿದ್ದೋರ ಪಾಡು ಗೊತ್ತಾಗ್ಲೇ ಇಲ್ಲ.”

ಅವಳು ಒತ್ತಿದಳು. ಕೆಂಪು, ನೀಲಿ, ಹಳದಿ ಚೌಕಗಳು ಒಂದೊಂದಾಗಿ ಒಳಗೆ ಬಂದವು. ಸೋಮವಾರದ ಎದುರು ಟೈಲರಮ್ಮ. ಶುಕ್ರವಾರ ಕರೆತರಲು ಮೂಲೆಮನೆಯ ಮೇಷ್ಟ್ರು. ಬೇಕರಿಯವನು ಹೊಸಿಲಲ್ಲೇ ನಿಂತು, ಹಿಟ್ಟಿನ ಬೆರಳಲ್ಲಿ ತನ್ನ ಫೋನಿನಲ್ಲೇ ಬುಧವಾರವನ್ನು ಹಿಡಿದ. “ಒಳಗೆ ಬಾಪ್ಪಾ, ಕೂತ್ಕೋ,” ಎಂದಳು ಅವಳು.

ಗಂಡ ಕನ್ನಡಕ ಹಾಕಿಕೊಂಡು ಬೆನ್ನಹಿಂದೆ ಬಗ್ಗಿದ. “ಬುಧವಾರದಲ್ಲಿ ಟೈಲರಮ್ಮನೂ ಬರೆದಿದ್ದಾರಲ್ಲೇ! ಯಾರನ್ನ ಬೇಡ ಅಂತೀಯ?”

“ನನ್ನ ಅಳಿಸೀರಿ ಜೋಕೆ, ಮೊದಲು ಬರೆದೋನು ನಾನು!” ಬೇಕರಿಯವನು ಅಲ್ಲಿಂದಲೇ ಕೂಗಿದ.

ಗಂಡ ನಕ್ಕ. ಜೇಬಿನಿಂದ ಬಸ್ ಪಾಸು ತೆಗೆದು ಕಪಾಟಿನತ್ತ ನಡೆದ.

ಒಂದೇ ಚೌಕದಲ್ಲಿ ಎರಡು ಹೆಸರು ಒತ್ತಿಕೊಂಡು ಕೂತಿದ್ದವು. ಎರಡನೆಯದರ ತುದಿ ಪಕ್ಕದ ಚೌಕದಡಿ ಅಡಗಿತ್ತು. ಅವಳು ಗೆರೆ ಹಿಡಿದು, ಪರದೆ ಸರಿಸಿದ ಹಾಗೆ, ಮೆಲ್ಲಗೆ ಎಳೆದಳು. ಎರಡೂ ಹೆಸರು ಪೂರ್ತಿ ಕಾಣುವವರೆಗೆ ಎಳೆದಳು.